ಹಳೆಯ ಟ್ರ್ಯಾಕ್ಟರಿನ ಲಿಫ್ಟ್ ಬಿಚ್ಚುವ ಮೊದಲು ಎಣ್ಣೆ ನೋಡಿರಿ

(ಸಾಲೋಟಗಿ ಭಾಗದ ರೈತರಿಗಾಗಿ ಭಾಷಣ)



ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ತಾಲೂಕುಗಳ ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಸಿಗುವ ಕಾಲ ಕಡಿಮೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಅದರಲ್ಲಿಯೂ ಮಳೆ ಬಿಟ್ಟು ಹೊಲ ಹದಕ್ಕೆ ಬಂದ ಕೆಲವೇ ದಿನಗಳು. ಸಾಲೋಟಗಿಯಲ್ಲಿ ಆ ದಿನಗಳಲ್ಲಿ ಒಂದು ಟ್ರ್ಯಾಕ್ಟರಿನ ಲಿಫ್ಟ್ ಕೂರಿಗೆಯನ್ನು ಎತ್ತದೆ ನಿಂತರೆ, ಅದನ್ನು ಬಾಡಿಗೆಗೆ ಗೊತ್ತು ಮಾಡಿಕೊಂಡವರ ಹೊಲದ ಹದವೂ ಹೋಗುತ್ತದೆ. ಗಾಬರಿಯಲ್ಲಿ ಪಂಪ್ ಬಿಚ್ಚಿಸುವುದು, ಹೊಸದನ್ನು ತರುವುದು ನಡೆಯುತ್ತದೆ. ಎಷ್ಟೋ ಸಲ ದೋಷ ಪಂಪಿನಲ್ಲಿ ಇರದೆ ಎಣ್ಣೆಯಲ್ಲಿ ಇರುತ್ತದೆ.

ಒಂದೇ ಎಣ್ಣೆ, ಹಲವು ಕೆಲಸ

ಮ್ಯಾಸಿ ಫರ್ಗ್ಯುಸನ್ 1035ರಂಥ ಟ್ರ್ಯಾಕ್ಟರುಗಳಲ್ಲಿ ಗೇರುಗಳು, ಡಿಫರೆನ್ಶಿಯಲ್ ಮತ್ತು ಲಿಫ್ಟಿನ ಪಂಪ್ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಎಣ್ಣೆಯೇ ಹಲ್ಲುಗಳ ಸವೆತ ತಡೆಯುತ್ತದೆ, ಕಾವು ಇಳಿಸುತ್ತದೆ, ಒತ್ತಡವಾಗಿ ಭಾರ ಎತ್ತುತ್ತದೆ. ತಾನಾಗಿ ಗೇರ್ ಬದಲಿಸುವ ಕಾರುಗಳಲ್ಲಿಯೂ ತತ್ತ್ವ ಇದೇ. ಆದರೆ ಅವುಗಳ ಎಣ್ಣೆ ಬಹಳ ತೆಳು. ಒಂದರ ಎಣ್ಣೆ ಮತ್ತೊಂದಕ್ಕೆ ಸಲ್ಲದು.

ಮಟ್ಟ ನೋಡುವ ಕ್ರಮ

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಲಿಫ್ಟಿನ ತೋಳುಗಳನ್ನು ಪೂರ್ತಿ ಇಳಿಸಿ, ಇಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಅಳತೆ ಕಡ್ಡಿ ನೋಡಬೇಕು. ತೋಳು ಮೇಲಿದ್ದರೆ ಸ್ವಲ್ಪ ಎಣ್ಣೆ ಸಿಲಿಂಡರಿನಲ್ಲಿ ಉಳಿದು ಮಟ್ಟ ತಪ್ಪು ತೋರುತ್ತದೆ. ಎಣ್ಣೆಯ ಒತ್ತಡದಿಂದ ಏಳುವ ಟ್ರೇಲರ್ ಜೋಡಿಸಿದಾಗ ಅದರ ಜಾಕ್ ಕೂಡ ಇದೇ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಬೇರೆಯವರ ಟ್ರೇಲರ್ ಜೋಡಿಸಿದರೆ ಅವರ ಎಣ್ಣೆಯೂ, ಅದರೊಳಗಿನ ಕಸವೂ ನಮ್ಮ ಗೇರ್ ಪೆಟ್ಟಿಗೆಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಲಕ್ಷಣ ನೋಡಿ ಕಾರಣ ತಿಳಿಯುವುದು

1. ಲಿಫ್ಟ್ ಸ್ವಲ್ಪವೂ ಏಳದಿದ್ದರೆ: ಮ್ಯಾಸಿ 1035ರಂಥವುಗಳಲ್ಲಿ ಪಂಪ್ ತಿರುಗುವುದು ಪಿ.ಟಿ.ಓ. ದಂಡದಿಂದ. ಆದುದರಿಂದ ಮೊದಲು ಪಿ.ಟಿ.ಓ. ಹಿಡಿಕೆ ಹಾಕಿದೆಯೇ ನೋಡಬೇಕು. ಇಷ್ಟಕ್ಕೇ ಮಿಸ್ತ್ರಿಯನ್ನು ಕರೆಸಿದವರೂ ಉಂಟು.

2. ನಿಧಾನವಾಗಿ, ಜಗ್ಗಿ ಜಗ್ಗಿ ಎದ್ದರೆ, ಒಳಗೆ ಕಿರುಗುಟ್ಟುವ ಸದ್ದು ಬಂದರೆ: ಎಣ್ಣೆ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿದೆ, ಇಲ್ಲವೆ ಜಾಲರಿ ಕಟ್ಟಿದೆ. ಎಣ್ಣೆ ತುಂಬಿ, ಜಾಲರಿ ತೊಳೆದರೆ ಬಹಳಷ್ಟು ಸಲ ಸರಿಹೋಗುತ್ತದೆ.

3. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ: ನೀರು ಸೇರಿದೆ. ಗೇರ್ ಕಡ್ಡಿಯ ರಬ್ಬರ್ ಹರಿದಲ್ಲಿ ಮಳೆನೀರು, ತೊಳೆಯುವ ನೀರು ಇಳಿಯುತ್ತದೆ. ರಬ್ಬರ್ ಬದಲಿಸಿ, ಎಣ್ಣೆಯನ್ನು ಪೂರ್ತಿ ಬದಲಿಸಬೇಕು.

4. ಎತ್ತಿದ ನೇಗಿಲು ತಾನಾಗಿ ಬೇಗ ಕುಸಿದರೆ, ಅಥವಾ ಇಂಜಿನ್ ನಡೆಯುವಾಗ ತೋಳು ಒಂದೇ ಸಮನೆ ತಲೆದೂಗಿದರೆ: ಸಿಲಿಂಡರಿನ ರಬ್ಬರ್ ಬಳೆ ಅಥವಾ ವಾಲ್ವಿನಲ್ಲಿ ಸೋರಿಕೆ ಇದೆ. ಇದು ಎಣ್ಣೆಯಿಂದ ಸರಿಹೋಗದು; ತಿಳಿದ ಮಿಸ್ತ್ರಿಗೆ ತೋರಿಸಬೇಕು.

5. ಗೇರ್ ಹಾಕುವಾಗ ಕರಕರ ಎಂದರೆ: ಗೇರ್ ಪೆಟ್ಟಿಗೆ ತೆರೆಯುವ ಮೊದಲು ಕ್ಲಚ್ ಪೆಡಲಿನ ಸಡಿಲು ಅಳೆಯಬೇಕು. ಕ್ಲಚ್ ಪೂರ್ತಿ ಬಿಡದಿದ್ದರೂ ಇದೇ ಸದ್ದು ಬರುತ್ತದೆ.

ಎಣ್ಣೆ ಬದಲಿಸುವ ಕ್ರಮ

ಅನೇಕ ಟ್ರ್ಯಾಕ್ಟರುಗಳಿಗೆ ಸುಮಾರು 1000 ಗಂಟೆಗೊಮ್ಮೆ ಈ ಎಣ್ಣೆ ಬದಲಿಸಲು ಹೇಳಿರುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಂಟೆಯ ಮೀಟರ್ ಕೆಟ್ಟಿರುವುದೇ ಹೆಚ್ಚು. ಆಗ ಡೀಸೆಲ್ ಲೆಕ್ಕ ಇಡಬಹುದು. ಗಂಟೆಗೆ 4 ಲೀಟರ್ ಉರಿಸುವ ಟ್ರ್ಯಾಕ್ಟರಿಗೆ 4000 ಲೀಟರ್ ಮುಗಿದರೆ 1000 ಗಂಟೆ ಆದಂತೆ.

ಒಂದೆರಡು ತಾಸು ದುಡಿಸಿ ಎಣ್ಣೆ ಬೆಚ್ಚಗಿರುವಾಗಲೇ ಇಳಿಸಬೇಕು. ತಣ್ಣಗಾದರೆ ಕೆಸರು ತಳದಲ್ಲಿಯೇ ಉಳಿಯುತ್ತದೆ. ಕೆಳಗಿನ ಎಲ್ಲ ಬಿರಡೆಗಳನ್ನೂ ತೆಗೆಯಬೇಕು. ಬಿರಡೆಯ ಅಯಸ್ಕಾಂತಕ್ಕೆ ನುಣುಪಾದ ಬೂದು ಬಣ್ಣದ ಕೆಸರು ಅಂಟಿದ್ದರೆ ಅದು ಸಾಮಾನ್ಯ ಸವೆತ. ಉಕ್ಕಿನ ಚೂರು ಅಥವಾ ಹಲ್ಲಿನ ತುಂಡು ಸಿಕ್ಕರೆ ಹೊಸ ಎಣ್ಣೆ ಹಾಕದೆ ಮೊದಲು ಒಳಗೆ ಪರೀಕ್ಷಿಸಬೇಕು.

ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು ಆರಿಸಬೇಕು. ಪೆಟ್ಟಿಗೆಯನ್ನು ತೊಳೆಯಲೆಂದು ಸೀಮೆಎಣ್ಣೆ ಹಾಕಿ ಗೇರ್ ಓಡಿಸಬಾರದು. ಹಲ್ಲು ಒಣಗಿ ಉಜ್ಜುತ್ತದೆ. ಹೊಸ ಎಣ್ಣೆಯನ್ನು ಸ್ವಚ್ಛವಾದ, ಜಾಲರಿಯುಳ್ಳ ಆಲಿಕೆಯಿಂದ ಹಾಕಬೇಕು. ನಂತರ ಇಂಜಿನ್ ನಡೆಸಿ ಲಿಫ್ಟನ್ನು ಏಳೆಂಟು ಸಲ ಎತ್ತಿ ಇಳಿಸಿದರೆ ಒಳಗಿನ ಗಾಳಿ ಹೋಗುತ್ತದೆ. ಆಮೇಲೆ ಮತ್ತೊಮ್ಮೆ ಮಟ್ಟ ನೋಡಿ ಕಡಿಮೆ ಇದ್ದಷ್ಟು ತುಂಬಬೇಕು.

ಎಣ್ಣೆಯ ದರ್ಜೆಯನ್ನು ತಯಾರಕರ ಪುಸ್ತಕದಲ್ಲಿ ನೋಡಿಯೇ ಕೊಳ್ಳಬೇಕು. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರಿಗೆ ಅದಕ್ಕೆಂದೇ ಮಾಡಿದ ಎಣ್ಣೆ ಬೇಕು. ಬೇರೆ ಹಾಕಿದರೆ ಬ್ರೇಕ್ ಕೆಡುತ್ತದೆ. ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿಯೇ ತೀರ್ಮಾನವಾಯಿತು. ಅಂಥ ಟ್ರ್ಯಾಕ್ಟರ್ ಇದ್ದವರು ಹಳೆಯ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಜೀವಕ್ಕೆ ಎಚ್ಚರ

ಲಿಫ್ಟ್ ಎತ್ತಿ ಹಿಡಿದ ನೇಗಿಲಿನ ಕೆಳಗೆ ಎಂದೂ ಹೋಗಬಾರದು. ನೇಗಿಲನ್ನು ನೆಲಕ್ಕೆ ಇಳಿಸಿ, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಆರಿಸಿಯೇ ಕೆಲಸ ಮಾಡತಕ್ಕದ್ದು. ಒತ್ತಡದ ಎಣ್ಣೆ ಸಣ್ಣ ತೂತಿನಿಂದ ಚಿಮ್ಮಿದರೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟು ಹಿಡಿದು ನೋಡಬೇಕು. ಚುಚ್ಚಿದಂತಾದರೆ, ಗಾಯ ಚಿಕ್ಕದೆಂದು ಬಿಡದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತೆಗೆದ ಎಣ್ಣೆಯನ್ನು ಹಳ್ಳಕ್ಕಾಗಲಿ, ಬಾವಿಯ ಬದಿಗಾಗಲಿ, ಲಿಂಬೆ ಗಿಡದ ಬುಡಕ್ಕಾಗಲಿ ಸುರಿಯಬಾರದು. ಎತ್ತುಗಳ ಹುಣ್ಣಿಗೂ ಹಚ್ಚಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಬೇಕು.

ಈ ಕೆಲಸಕ್ಕೆ ತಕ್ಕ ಕಾಲ ಬೇಸಿಗೆಯ ಕೊನೆ. ರೋಹಿಣಿ ಮಳೆಗೆ ಮೊದಲು ಒಮ್ಮೆ ಎಣ್ಣೆ ನೋಡಿ, ಬೇಕಾದರೆ ಬದಲಿಸಿ, ದಿನಾಂಕವನ್ನು ಮಡ್‌ಗಾರ್ಡಿನ ಒಳಬದಿಗೆ ಬರೆದಿಟ್ಟರೆ ಸಾಕು. ಮತ್ತೊಮ್ಮೆ ಬಿತ್ತನೆಗೆ ಹದಿನೈದು ದಿನ ಮುಂಚೆ ಮಟ್ಟ, ಬಣ್ಣ, ವಾಸನೆ ಈ ಮೂರನ್ನೂ ಪರೀಕ್ಷಿಸಿದರೆ, ದೋಷ ಇದ್ದರೂ ಹದ ಬರುವುದರೊಳಗೆ ರಿಪೇರಿಗೆ ಸಮಯ ಸಿಗುತ್ತದೆ.