ಹೊಸ ಲಾರಿ ಚಾಲಕನೂ ಮಾರ್ಗದ ಆಯ್ಕೆಯೂ

ಉದ್ಯೋಗವನ್ನರಸಿ ಮುಂಬಯಿಗೆ ಬರುವ ಕನ್ನಡಿಗ ಯುವಕರಲ್ಲಿ ಲಾರಿ ಚಾಲನೆಯನ್ನು ವೃತ್ತಿಯಾಗಿ ಕೈಗೊಳ್ಳುವವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಸಾರಿಗೆ ವಾಹನ ನಡೆಸುವವನಿಗೆ 20 ವರ್ಷ ತುಂಬಿರಬೇಕು. ಕಲಿಕೆಯ ಪರವಾನಗಿ ಪಡೆಯುವ ಮೊದಲು ಲಘು ವಾಹನದ ಪರವಾನಗಿಯನ್ನು ಒಂದು ವರ್ಷವಾದರೂ ಹೊಂದಿರಬೇಕು. ಇಷ್ಟನ್ನು ಪೂರೈಸಿದ ಹೊಸ ಚಾಲಕನಿಗೆ ಎದುರಾಗುವ ದೊಡ್ಡ ಪ್ರಶ್ನೆಯೆಂದರೆ, ಯಾವ ಮಾರ್ಗದ ಕೆಲಸವನ್ನು ಒಪ್ಪಿಕೊಳ್ಳಬೇಕು ಎಂಬುದು.

ಒಂದೇ ಗಿರಾಕಿಯ ಸರಕನ್ನು ಗೊತ್ತಾದ ಸ್ಥಳಗಳ ನಡುವೆ ಸಾಗಿಸುವ ನಿಗದಿತ ಮಾರ್ಗಗಳು ಮುಂಬಯಿಯ ಸುತ್ತ ಹಲವಿವೆ. 1989ರಲ್ಲಿ ಕಾರ್ಯಾರಂಭ ಮಾಡಿದ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಿಂದ ಉರಣ್, ಪನವೇಲ್ ಕಡೆಯ ಕಂಟೇನರ್ ಅಂಗಳಗಳಿಗೆ ಹೋಗುವ ದಾರಿ ಚಿಕ್ಕದು. ಆದರೆ ಬಂದರಿನ ದ್ವಾರದಲ್ಲಿ ಸರತಿಯ ಸಾಲು ಉದ್ದವಾದ ದಿನ ಓಡಿದ ಹೊತ್ತಿಗಿಂತ ನಿಂತ ಹೊತ್ತೇ ಹೆಚ್ಚು. ಭಿವಂಡಿಯ ಗೋದಾಮುಗಳಿಂದ ನಗರದ ಅಂಗಡಿಗಳಿಗೆ ಸರಕು ಒಯ್ಯುವವನು ಭಾರಿ ವಾಹನಗಳಿಗಿರುವ ವೇಳೆಯ ನಿರ್ಬಂಧವನ್ನು ಅರಿತು, ಬಹುಪಾಲು ರಾತ್ರಿಯಲ್ಲಿ ದುಡಿಯಬೇಕಾಗುತ್ತದೆ. ಮಾಹುಲ್‌ನ ತೈಲ ಶುದ್ಧೀಕರಣ ಕಾರ್ಖಾನೆಗಳಿಂದ ಹೊರಡುವ ಟ್ಯಾಂಕರುಗಳ ಚಾಲಕನಿಗೆ ಅಪಾಯಕಾರಿ ಸರಕಿನ ಸಾಗಣೆಯಲ್ಲಿ ವಿಶೇಷ ತರಬೇತಿ ಕಡ್ಡಾಯ.

ಇನ್ನು ಬೆಂಗಳೂರು ಲೈನ್. ಸುಮಾರು 1,000 ಕಿಲೋಮೀಟರಿನ ಈ ಹೆದ್ದಾರಿ ಪುಣೆ, ಸಾತಾರಾ, ಕೊಲ್ಹಾಪುರಗಳನ್ನು ದಾಟಿ ನಿಪ್ಪಾಣಿಯ ಬಳಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಊರಿನ ದಾರಿ, ತಾಯ್ನುಡಿಯ ಸೀಮೆ ಎಂಬ ಕಾರಣಕ್ಕೆ ಕನ್ನಡಿಗ ಚಾಲಕನ ಮನಸ್ಸು ಇದರತ್ತ ಸಹಜವಾಗಿ ಒಲಿಯುತ್ತದೆ. ಆದರೆ ಖಂಡಾಲಾ ಘಾಟಿಯ ಇಳಿಜಾರು ಅನುಭವವನ್ನು ಬೇಡುತ್ತದೆ. ತುಂಬಿದ ಲಾರಿಯನ್ನು ಕೆಳಗಿನ ಗೇರಿನಲ್ಲಿಯೇ ಇಳಿಸಬೇಕು. ಬ್ರೇಕನ್ನೇ ನೆಚ್ಚಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಮಾಲೀಕರು ಟ್ರಿಪ್ಪಿನ ಭತ್ಯೆಯನ್ನು ಮುಂದಿಟ್ಟು ಮಾತನಾಡುವುದು ವಾಡಿಕೆ. ಚಾಲಕನಾದರೋ ಗಂಟೆಯ ಲೆಕ್ಕ ಹಾಕುವುದು ಮೇಲು. ಉದಾಹರಣೆಗೆ, ಒಂದು ಮಾರ್ಗದಲ್ಲಿ ಟ್ರಿಪ್ಪಿಗೆ 900 ರೂಪಾಯಿ. ಓಟ 3 ಗಂಟೆ, ಕಾಯುವುದು 15 ಗಂಟೆ. ಇನ್ನೊಂದರಲ್ಲಿ 700 ರೂಪಾಯಿ; ಎಲ್ಲ ಸೇರಿ 10 ಗಂಟೆ. ಮೊದಲನೆಯದರಲ್ಲಿ ಗಂಟೆಗೆ 50 ರೂಪಾಯಿ ಬಿದ್ದರೆ, ಎರಡನೆಯದರಲ್ಲಿ 70 ರೂಪಾಯಿ ಬೀಳುತ್ತದೆ. ಹೆಚ್ಚೆಂದು ಕಂಡದ್ದು ವಾಸ್ತವದಲ್ಲಿ ಕಡಿಮೆ.

ಹಣಕ್ಕಿಂತ ಮಿಗಿಲಾದದ್ದು ನಿದ್ರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿಕೊಟ್ಟಿತು. 5 ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದ್ದರೂ 8 ಗಂಟೆಯ ಅಳತೆ ಉಳಿದಿದೆ. ಸರತಿಯಲ್ಲಿ ಎಚ್ಚರವಾಗಿ ಕಳೆದ ರಾತ್ರಿ ವಿಶ್ರಾಂತಿಯಲ್ಲ. ಅದರ ಬೆನ್ನಿಗೇ ಲಾರಿ ಹೊರಡಿಸಿದರೆ ಚಾಲಕನ ಪ್ರಾಣಕ್ಕೂ ದಾರಿಹೋಕರ ಪ್ರಾಣಕ್ಕೂ ಸಂಚಕಾರ.

ಆದುದರಿಂದ ಕೆಲಸಕ್ಕೆ ಸೇರುವ ಮುನ್ನ ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚ ಸಲ್ಲದು. ಹೊರಟು ಹಿಂದಿರುಗಲು ಒಟ್ಟು ಎಷ್ಟು ಹೊತ್ತು? ಕಾಯುವ ವೇಳೆಗೆ ಭತ್ಯೆ ಉಂಟೇ? ದೂರದ ಓಟದಲ್ಲಿ ಎರಡನೆಯ ಚಾಲಕನಿರುವನೇ? ಲಾರಿ ನಿಲ್ಲಿಸಿ ಮಲಗಲು ಭದ್ರವಾದ ಸ್ಥಳವೆಲ್ಲಿ? ಮಿತಿಮೀರಿದ ಭಾರ ಹೇರುವ ಪದ್ಧತಿಯಿದೆಯೇ? 2019ರ ತಿದ್ದುಪಡಿಯಂತೆ ಈ ಅಪರಾಧಕ್ಕೆ 20,000 ರೂಪಾಯಿ ದಂಡವಿದ್ದು, ಹೆಚ್ಚುವರಿ ಭಾರದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ಸೇರುತ್ತದೆ. ಇದೇ ಮಾರ್ಗದಲ್ಲಿ ದುಡಿಯುತ್ತಿರುವ ಹಿರಿಯ ಚಾಲಕರನ್ನು ವಿಚಾರಿಸಿದರೆ ಮಾಲೀಕನ ಉತ್ತರ ಎಷ್ಟು ನಿಜವೆಂಬುದೂ ತಿಳಿಯುತ್ತದೆ.

ಮೊದಲ ವರ್ಷಕ್ಕೆ ಹತ್ತಿರದ, ವೇಳೆ ಗೊತ್ತಿರುವ ಮಾರ್ಗವೇ ಲೇಸು. ಅಲ್ಲಿ ಟ್ರೈಲರನ್ನು ಹಿಂದಕ್ಕೆ ತೆಗೆಯುವ, ಭಾರದೊಡನೆ ತಿರುವು ದಾಟುವ ಕೈಚಳಕ ದಿನದಿನವೂ ಕುದುರುತ್ತದೆ. ಬಳಿಕ ಅನುಭವಿ ಚಾಲಕನ ಜೊತೆಯಲ್ಲಿ ಎರಡನೆಯವನಾಗಿ ಘಾಟಿ ಹತ್ತಿಳಿದು, ದೂರದ ಲೈನನ್ನು ಹಿಡಿಯಬಹುದು. ಒಂದು ವರ್ಷದ ಈ ತಾಳ್ಮೆಯು ಮುಂದಿನ ಮೂವತ್ತು ವರ್ಷಗಳ ದುಡಿಮೆಗೆ ಭದ್ರವಾದ ಬುನಾದಿಯಾಗುತ್ತದೆ.