ಬ್ರೇಕ್ ದೊಡ್ಡದಾದ್ರೆ ಕಾರು ಬೇಗ ನಿಲ್ಲುತ್ತಾ?

ಇವತ್ತು ರಾಜಕೀಯ ಇಲ್ಲ. ದಿನಾ ಇರೋದೇ ಅದು, ಒಂದಿನ ಬಿಟ್ಟರೆ ಯಾರೂ ಕಳ್ಕೊಳ್ಳೋದೇನಿಲ್ಲ.

ಮೊನ್ನೆ ನಮ್ಮ ಆಫೀಸಿನ ಗೇಟ್ ಹತ್ತಿರ ಒಬ್ಬರು ಯಜಮಾನರು ಕಾಯ್ತಾ ನಿಂತಿದ್ದರು. ಹಾಸನದ ಕಡೆಯವರು, ಸಣ್ಣ ಹಿಡುವಳಿ ರೈತರು. ಕೈಯಲ್ಲಿ ಅರ್ಜಿ ಇರುತ್ತೆ, ಜಮೀನಿನ ತಕರಾರೇ ಇರಬೇಕು ಅಂದ್ಕೊಂಡೆ. ಅವರು ಜೇಬಿನಿಂದ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಕೆಂಪು ಸ್ವಿಫ್ಟ್ ಕಾರು, 2012ರ ಮಾಡೆಲ್, ಎಬಿಎಸ್ ಇಲ್ಲದ ವೇರಿಯಂಟ್. ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ಮೂತಿ ಬಂದ ದಾರಿಗೇ ತಿರುಗಿ, ಹಿಂಭಾಗ ಚರಂಡಿಗೆ ಇಳಿದು ನಿಂತಿದೆ. ಓಡಿಸ್ತಾ ಇದ್ದವನು ಅವರ ಮಗ. ಎಂಜಿನಿಯರಿಂಗ್ ಕೊನೇ ವರ್ಷ. ಮಣಿಕಟ್ಟು ಮುರಿದಿದೆ, ಅಷ್ಟೇ. ಹಿಂದೆ ಬರ್ತಿದ್ದ ಬಸ್ಸಿನ ಡ್ರೈವರ್ ದೂರ ಬಿಟ್ಟು ಬರ್ತಿದ್ದ ಪುಣ್ಯಾತ್ಮ. ಇಲ್ಲದಿದ್ದರೆ ಅದು ಆ ದಿನದ ನಮ್ಮ ಬ್ರೇಕಿಂಗ್ ನ್ಯೂಸ್ ಆಗಿರೋದು.

ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ನನ್ ಮಗ ಸ್ಪೀಡಿಗೆ ಏನೂ ಹಾಕ್ಸಿರ್ಲಿಲ್ಲ. ಬ್ರೇಕ್ ಹಾಕ್ಸಿದ್ದ. ಮುಂದೆ ದೊಡ್ಡ ಕಾರಿನ ಡಿಸ್ಕು, ಹಿಂದೆ ಡ್ರಮ್ ತೆಗೆಸಿ ಡಿಸ್ಕು. ಬ್ರೇಕ್ ಜಾಸ್ತಿ ಆದ್ರೆ ಜಾಸ್ತಿ ಸೇಫ್ ಅಲ್ವಾ? ಹೆಂಗ್ ಸಾರ್ ಹಿಂಗಾಯ್ತು?"

ನನಗೆ ಉತ್ತರ ಗೊತ್ತಿರಲಿಲ್ಲ. ಸೈಲೆನ್ಸರ್ ಕೊರೆದು ಬೀದಿ ತುಂಬಾ ಗುಡುಗೋ ಹುಡುಗರನ್ನ ಇದೇ ಕುರ್ಚಿಯಲ್ಲಿ ಕೂತು ಬೈದಿದ್ದೇನೆ. ಇವನನ್ನ ಹೇಗೆ ಬೈಯೋದು? ನಿಲ್ಲಿಸೋದಕ್ಕೆ ಅಂತ ದುಡ್ಡು ಖರ್ಚು ಮಾಡಿದವನು ಇವನು. ಹಾಗಾಗಿ ವಾರ ಪೂರ್ತಿ ಇದನ್ನೇ ಓದಿದೆ, ಗ್ಯಾರೇಜಿನವರ ಹತ್ತಿರ ಕೇಳಿದೆ.

ಮೊದಲು ಒಂದು ಮಾತು. ಒಂದು ಕಾರಿನ ಬ್ರೇಕನ್ನ ಇನ್ನೊಂದಕ್ಕೆ ಹಾಕೋದು ನಮ್ಮ ಜೆ.ಸಿ. ರೋಡಿನಲ್ಲಿ ಹುಟ್ಟಿದ ವಿದ್ಯೆ ಅಲ್ಲ. ಅದಕ್ಕೆ ದೊಡ್ಡ ಇತಿಹಾಸ ಇದೆ. ಇಂಗ್ಲೆಂಡಿನ ಮಿನಿ ಕಾರು ಗೊತ್ತಲ್ಲ, ಬೆಂಕಿಪೊಟ್ಟಣದ ಹಾಗಿರೋದು. 1959ರಲ್ಲಿ ಬಂದಾಗ ಅದರ ಎಂಜಿನ್ 848 ಸಿಸಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ರೇಸ್ ಕಾರು ಕಟ್ಟೋ ಜಾನ್ ಕೂಪರ್ ಅದಕ್ಕೆ ಜಾಸ್ತಿ ಶಕ್ತಿ ತುಂಬಿಸಿದ. 1961ರಲ್ಲಿ ಮಿನಿ ಕೂಪರ್ ಬಂತು. ಎಂಜಿನ್ ಜೋರು ಮಾಡಿದ ಮೇಲೆ ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿದರು. ಎಷ್ಟು ದೊಡ್ಡದು? ಏಳು ಇಂಚು. ನಮ್ಮ ಊಟದ ತಟ್ಟೆಗಿಂತ ಚಿಕ್ಕದು! ಅದು ಸಾಲದು ಅಂತ ಗೊತ್ತಾಯ್ತು. 1963ರ ಕೂಪರ್ ಎಸ್‌ಗೆ ಏಳೂವರೆ ಇಂಚು ಮಾಡಿ, ಜೊತೆಗೆ ಸರ್ವೋ ಕೊಟ್ಟರು. ಮುಂದಿನ ವರ್ಷ, 1964ರಲ್ಲಿ, ಇದೇ ಪುಟ್ಟ ಕಾರು ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದಿತು. 65ರಲ್ಲಿ ಮತ್ತೆ, 67ರಲ್ಲಿ ಮತ್ತೆ. ಹಿಮ ಬಿದ್ದ ಆಲ್ಪ್ಸ್ ಬೆಟ್ಟದ ತಿರುವುಗಳಲ್ಲಿ ಗೆಲ್ಲೋದು ಬರೀ ಎಂಜಿನ್ನಿಂದ ಅಲ್ಲ, ಸ್ವಾಮಿ.

ಆಮೇಲೆ 1980ರಲ್ಲಿ ಅದೇ ಕಂಪನಿಯ ಮೆಟ್ರೋ ಅನ್ನೋ ಕಾರು ಬಂತು. ಅದರ ಡಿಸ್ಕು 8.4 ಇಂಚು, ಕ್ಯಾಲಿಪರ್‌ಗೆ ನಾಲ್ಕು ಪಿಸ್ಟನ್. ಮಿನಿ ಹುಡುಗರ ಕಣ್ಣು ಬೀಳದೆ ಇರುತ್ತಾ? ಗುಜರಿಗೆ ಬಂದ ಮೆಟ್ರೋದಿಂದ ಬಿಚ್ಚಿ ಮಿನಿಗೆ ಹಾಕೋದು ಅಲ್ಲಿ ಮನೆಮಾತಾಯ್ತು. ಎರಡೂ ಒಂದೇ ಮನೆತನದ ಕಾರುಗಳು, ಬೋಲ್ಟ್ ಕೂರುತ್ತೆ. ಇಲ್ಲೇ ನೋಡಿ ಪಾಠ ಇರೋದು. ಬೋಲ್ಟ್ ಕೂತರೆ ಮುಗೀಲಿಲ್ಲ. ಒಂದು, 8.4 ಇಂಚಿನ ಡಿಸ್ಕು ಮಿನಿಯ ಹಳೇ ಹತ್ತು ಇಂಚಿನ ವೀಲ್ ಒಳಗೆ ಹಿಡಿಸಲ್ಲ, ಹನ್ನೆರಡು ಇಂಚಿನ ವೀಲ್ ಬೇಕು. ಎರಡು, ಮೊದಲ ಮೆಟ್ರೋ ಕ್ಯಾಲಿಪರ್‌ಗೆ ಎರಡು ಪೈಪಿನಿಂದ ಆಯಿಲ್ ಹೋಗ್ತಿತ್ತು, ಮಿನಿಯಲ್ಲಿ ಬರೋದು ಒಂದೇ ಪೈಪು. ಅದನ್ನ ಸರಿಯಾಗಿ ಜೋಡಿಸದೆ ಇದ್ದರೆ ಅರ್ಧ ಪಿಸ್ಟನ್‌ಗೆ ಕೆಲಸವೇ ಇಲ್ಲ. ಮೂರು, ಹಿಂದಿನ ಚಕ್ರದ ಲೆಕ್ಕ. ಬಲ್ಲವರು ಇದಿಷ್ಟನ್ನೂ ಮಾಡಿದರು. ಕೊನೆಗೆ ಕಂಪನಿಯೇ 1984ರಲ್ಲಿ ಮಿನಿಗೆ ಹನ್ನೆರಡು ಇಂಚಿನ ವೀಲ್, 8.4 ಇಂಚಿನ ಡಿಸ್ಕ್ ಕೊಟ್ಟು ಮಾರಿತು. ಹುಡುಗರು ಗ್ಯಾರೇಜಲ್ಲಿ ಮಾಡಿದ್ದು ಹುಚ್ಚಾಟವೇನಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಾದ್ರೆ ಶಿರಾಡಿಯಲ್ಲಿ ಏನಾಯ್ತು?

ಈಗ ಸ್ವಲ್ಪ ಹೈಸ್ಕೂಲ್ ವಿಜ್ಞಾನ. ಓಡಿ ಹೋಗಬೇಡಿ, ರಿಮೋಟ್ ಕೆಳಗಿಡಿ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಅನ್ನೋ ಚಿಕ್ಕ ಪಂಪು ಆಯಿಲನ್ನ ತಳ್ಳುತ್ತೆ. ಆ ಆಯಿಲ್ ನಾಲ್ಕು ಚಕ್ರದ ಹತ್ತಿರ ಹೋಗಿ ಪಿಸ್ಟನ್ ಒತ್ತುತ್ತೆ. ಪಿಸ್ಟನ್ ದೊಡ್ಡದಾದಷ್ಟೂ ಹಿಡಿತ ಜಾಸ್ತಿ, ನಿಜ. ಆದರೆ ದೊಡ್ಡ ಬಿಂದಿಗೆ ತುಂಬೋದಕ್ಕೆ ಜಾಸ್ತಿ ನೀರು ಬೇಕಲ್ವಾ? ಪಂಪು ಹಳೇದೇ ಇದ್ದರೆ ಪೆಡಲ್ ಕೆಳಗೆ ಕೆಳಗೆ ಹೋಗುತ್ತೆ. ಕಾಲಿಗೆ ಹತ್ತಿ ಒತ್ತಿದ ಹಾಗೆ. ಇದು ಮೊದಲ ಎಡವಟ್ಟು.

ಎರಡನೇದು ಪ್ರಾಣಕ್ಕೆ ಬರೋದು. ಬ್ರೇಕ್ ಒತ್ತಿದಾಗ ನೀವು ಸೀಟಿನಲ್ಲಿ ಮುಂದಕ್ಕೆ ಬಾಗ್ತೀರಿ. ಕಾರಿನ ಭಾರವೂ ಹಾಗೇ ಮುಂದಿನ ಚಕ್ರಗಳ ಮೇಲೆ ಬೀಳುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಹಗುರಾದ ಚಕ್ರವನ್ನ ಜೋರಾಗಿ ಹಿಡಿದರೆ ಏನಾಗುತ್ತೆ? ತಿರುಗೋದು ನಿಂತು ಜಾರುತ್ತೆ. ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತೆ, ಸ್ಟೇರಿಂಗ್ ಕೇಳಲ್ಲ, ಅಷ್ಟೇ. ಹಿಂದಿನದು ಮೊದಲು ಜಾರಿದರೆ ಬಾಲ ಮುಂದಕ್ಕೆ ಬರುತ್ತೆ. ಗಿರ್ರನೆ ತಿರುಗುತ್ತೆ. ಸೈಕಲ್ಲಿನಲ್ಲಿ ಹಿಂದಿನ ಬ್ರೇಕ್ ಹಿಡಿದು ಮಣ್ಣಲ್ಲಿ ಅರ್ಧ ಸುತ್ತು ಹಾಕಿದ್ದೀವಲ್ಲ ಚಿಕ್ಕವರಿದ್ದಾಗ, ಅದೇ. ಇದಕ್ಕಾಗಿಯೇ ಕಂಪನಿಯವರು ಹಿಂದೆ ಬೇಕೆಂದೇ ಕಮ್ಮಿ ಬ್ರೇಕ್ ಕೊಟ್ಟಿರ್ತಾರೆ. ಹಿಂದಕ್ಕೆ ಹೋಗೋ ಒತ್ತಡ ತಗ್ಗಿಸೋದಕ್ಕೇ ವಾಲ್ವ್ ಇಟ್ಟಿರ್ತಾರೆ. ಆ 1959ರ ಮಿನಿಯಲ್ಲೂ ಅಂಥದ್ದೊಂದು ವಾಲ್ವ್ ಇತ್ತು.

ನಮ್ಮ ಸ್ವಿಫ್ಟ್‌ಗೆ ಹಿಂದೆ ಡ್ರಮ್. ಹೊರದೇಶದಲ್ಲಿ ಸ್ವಿಫ್ಟ್ ಸ್ಪೋರ್ಟ್ ಅಂತ ಮಾರ್ತಿದ್ದರು, ಅದಕ್ಕೆ ನಾಲ್ಕೂ ಡಿಸ್ಕ್. ಅದನ್ನ ವಿಡಿಯೋದಲ್ಲಿ ನೋಡಿ ನಮ್ಮ ಹುಡುಗರಿಗೆ ಡ್ರಮ್ ಅಂದ್ರೆ ಅವಮಾನ. ಅಲ್ಲಾ, ಸ್ಪೋರ್ಟ್‌ನಲ್ಲಿ ನಾಲ್ಕು ಡಿಸ್ಕ್ ಮಾತ್ರ ಬದಲಾಗಿರಲ್ಲ ಕಣಪ್ಪಾ. ಮಾಸ್ಟರ್ ಸಿಲಿಂಡರ್, ಟೈರು, ಎಬಿಎಸ್ ಲೆಕ್ಕ, ಎಲ್ಲಾ ಒಂದಕ್ಕೊಂದು ಹೊಂದಿಸಿ ಬಂದಿರುತ್ತೆ. ಇವನು ಹಾಕಿಸಿದ್ದು ಡಿಸ್ಕ್ ಮಾತ್ರ. ಹಿಂದಿನ ಚಕ್ರಕ್ಕೆ ಬೇರೆ ಯಾವುದೋ ಭಾರದ ಕಾರಿನ ಕ್ಯಾಲಿಪರ್. ಮೆಕ್ಯಾನಿಕ್ ಒಂದು ಸಲ ರಸ್ತೆಯಲ್ಲಿ ಓಡಿಸಿ, "ಸೂಪರಾಗಿ ಹಿಡೀತದೆ" ಅಂದನಂತೆ. ಒಣ ರಸ್ತೆ, ಸ್ವಾಮಿ. ಮಳೆಯಲ್ಲಿ, ಇಳಿಜಾರಿನಲ್ಲಿ ಯಾರು ನೋಡಿದರು? ಇನ್ನೊಂದು ವಿಷಯ ಕೇಳಿ ನನಗೆ ಎದೆ ಝಲ್ ಅಂತು. ಹೊಸ ಕ್ಯಾಲಿಪರ್‌ಗೆ ಹ್ಯಾಂಡ್ ಬ್ರೇಕ್ ಕೇಬಲ್ ಕೂರಲಿಲ್ಲ ಅಂತ ಅದನ್ನ ಬಿಟ್ಟೇ ಬಿಟ್ಟಿದ್ದರಂತೆ. ಹ್ಯಾಂಡ್ ಬ್ರೇಕೇ ಇಲ್ಲದ ಕಾರು ಘಾಟಿ ಹತ್ತಿ ಇಳೀತಿತ್ತು.

ಇನ್ನು ಆ ದೊಡ್ಡ ಪ್ರಶ್ನೆ. ದೊಡ್ಡ ಬ್ರೇಕ್ ಹಾಕಿದರೆ ಕಾರು ಬೇಗ ನಿಲ್ಲುತ್ತಾ? ಬಹುತೇಕ ಇಲ್ಲ. ಕಾರನ್ನ ಕೊನೆಗೆ ನಿಲ್ಲಿಸೋದು ರಸ್ತೆ ಮುಟ್ಟಿರೋ ಟೈರು. ಈಗಿರೋ ಬ್ರೇಕೇ ಚಕ್ರವನ್ನ ಪೂರ್ತಿ ಹಿಡಿದು ನಿಲ್ಲಿಸುತ್ತೆ ಅಂದ್ರೆ, ಅಥವಾ ಎಬಿಎಸ್ ಗರಗರ ಅನ್ನುತ್ತೆ ಅಂದ್ರೆ, ಟೈರಿನ ಶಕ್ತಿ ಅಲ್ಲಿಗೆ ಮುಗೀತು. ಮೇಲೆ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಆ ಒಂದು ಸಲಕ್ಕೆ ಒಂದಡಿಯೂ ಉಳಿಯಲ್ಲ. ಹಾಗಾದ್ರೆ ದೊಡ್ಡ ಡಿಸ್ಕ್ ಯಾಕೆ? ಬಿಸಿ ತಡೆಯೋದಕ್ಕೆ.

ಲೆಕ್ಕ ಹಾಕೋಣ. ಒಂದು ಟನ್ ತೂಕದ ಕಾರು, ಗಂಟೆಗೆ ನೂರು ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 385 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೋಗಬೇಕು, ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿಗೆ. ನೂರನಲವತ್ತರಿಂದ ನಿಂತರೆ? ವೇಗ ಒಂದೂವರೆ ಪಟ್ಟೂ ಆಗಿಲ್ಲ, ಬಿಸಿ ಹತ್ತಿರ ಹತ್ತಿರ ಎರಡು ಪಟ್ಟು, 756. ಈಗ ಘಾಟಿ ನೋಡಿ. ಐನೂರು ಮೀಟರ್ ಎತ್ತರದಿಂದ ನ್ಯೂಟ್ರಲ್‌ನಲ್ಲಿ, ಬರೀ ಬ್ರೇಕ್ ಮೇಲೆ ಇಳಿದರೆ ಸುಮಾರು 4,900 ಕಿಲೋಜೂಲ್. ಅಂದ್ರೆ ನೂರರ ವೇಗದಿಂದ ಹನ್ನೆರಡು ಹದಿಮೂರು ಸಲ ಸಡನ್ ಬ್ರೇಕ್ ಹೊಡೆದಷ್ಟು. ಮನೆಗೆ ಹೋಗಿ ಮಕ್ಕಳ ಹತ್ತಿರ ಲೆಕ್ಕ ಮಾಡಿಸಿ, ಸಿಗುತ್ತೆ.

ಈ ಬಿಸಿಗೆ ಪ್ಯಾಡ್ ಹಿಡಿತ ಕಳ್ಕೊಳ್ಳುತ್ತೆ. ಅದಕ್ಕಿಂತ ಮೋಸಗಾರ ಬ್ರೇಕ್ ಆಯಿಲ್. ಇದು ಗಾಳಿಯ ತೇವ ಹೀರ್ಕೊಳ್ಳುತ್ತೆ. ಡಾಟ್ 4 ಅಂತ ಬರುತ್ತಲ್ಲ, ಹೊಸದಿದ್ದಾಗ ಅದರ ಕುದಿಯೋ ಮಟ್ಟ ಕನಿಷ್ಠ 230 ಡಿಗ್ರಿ ಇರಬೇಕು. ನೀರು ಹೀರಿಕೊಂಡ ಮೇಲೆ 155ಕ್ಕೆ ಇಳಿದರೂ ಪಾಸು. ಆಯಿಲ್ ಕುದ್ದರೆ ಗುಳ್ಳೆ ಬರುತ್ತೆ. ಆಗ ಪೆಡಲ್ ಒತ್ತಿದರೆ ಒತ್ತಡ ಹೋಗೋದು ಗುಳ್ಳೆಗೆ, ಚಕ್ರಕ್ಕಲ್ಲ. ಕಾರು ತಗೊಂಡಾಗಿನಿಂದ ಬ್ರೇಕ್ ಆಯಿಲ್ ಬದಲಾಯಿಸದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಕೈ ಎತ್ತಿ ಅನ್ನಲ್ಲ, ನಾನೂ ಎತ್ತಬೇಕಾಗುತ್ತೆ.

ನಮ್ಮ ಓಬಿ ವ್ಯಾನಿನ ಡ್ರೈವರ್ ಅಣ್ಣ ಈ ಚರ್ಚೆಯೆಲ್ಲಾ ಕೇಳಿಸ್ಕೊಂಡು ಹೇಳಿದ: "ಯಾವ್ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲಿ ಇಳೀಬೇಕು ಸಾರ್. ಬ್ರೇಕು ಇರೋದು ತಿರುವಿಗೆ, ಇಳಿಜಾರಿಗಲ್ಲ." ವಾರ ಪೂರ್ತಿ ನಾನು ಓದಿದ್ದರಲ್ಲಿ ಅರ್ಧ ಇಷ್ಟರಲ್ಲೇ ಇತ್ತು.

ಆದ್ದರಿಂದ ಬ್ರೇಕ್ ಸುಧಾರಿಸಬೇಕು ಅನ್ನೋ ಹುಡುಗರೇ, ಮೊದಲು ಸವೆದ ಟೈರ್ ತೆಗೀರಿ. ಹೊಸ ಆಯಿಲ್, ಒಳ್ಳೇ ಕಂಪನಿಯ ಪ್ಯಾಡ್, ಬಿರುಕು ಬಿಟ್ಟ ರಬ್ಬರ್ ಪೈಪ್ ಇದ್ದರೆ ಬದಲಾಯಿಸಿ. ನೂರಕ್ಕೆ ತೊಂಬತ್ತು ಜನರಿಗೆ ಅಲ್ಲಿಗೇ ಕೆಲಸ ಮುಗಿಯುತ್ತೆ ಅಂತ ನನಗೆ ಕೇಳಿದ ಗ್ಯಾರೇಜಿನವರು ಹೇಳಿದ್ದು. ಅವರಿಗೆ ಇದರಲ್ಲಿ ಲಾಭ ಕಮ್ಮಿ, ಹಾಗಾಗಿ ನಂಬ್ತೀನಿ.

ಈಗ ಸರ್ಕಾರದ ಕಡೆ ಬರೋಣ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ವಾಹನ ಬದಲಾಯಿಸುವಂತಿಲ್ಲ ಅಂತ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಒಂದೊಂದು ಅಕ್ರಮ ಬದಲಾವಣೆಗೂ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸರಿ. ಆದರೆ ಭಾಗಗಳು ಅಂಗಡಿಯಲ್ಲಿ ಹಾಡಹಗಲೇ ಸಿಗ್ತಾವೆ. ಹಾಕೋರು ಬೋರ್ಡ್ ಹಾಕ್ಕೊಂಡು ಕೂತಿದ್ದಾರೆ. ರಸ್ತೆಯಲ್ಲಿ ಪೊಲೀಸರಿಗೆ ಸೈಲೆನ್ಸರ್ ಕೇಳಿಸುತ್ತೆ, ಕಪ್ಪು ಗಾಜು ಕಾಣಿಸುತ್ತೆ. ಚಕ್ರದ ಒಳಗಿನ ಕ್ಯಾಲಿಪರ್ ಯಾರಿಗೆ ಕಾಣಿಸುತ್ತೆ? ಕಾಣಿಸೋದು ಅಪಘಾತ ಆದ ಮೇಲೆ. ಇನ್ಶೂರೆನ್ಸ್ ಸರ್ವೇಯರ್‌ಗೆ ಕಾಣಿಸುತ್ತೆ. ಆಗ ಕ್ಲೇಮಿಗೆ ಕಲ್ಲು.

ಜರ್ಮನಿಯಲ್ಲಿ ಒಂದು ಪದ್ಧತಿ ಇದೆ. ಬ್ರೇಕ್ ಬದಲಾಯಿಸ್ತೀಯಾ, ಬದಲಾಯಿಸು. ಆಮೇಲೆ ಟಿಯುವಿ ಥರದ ಪರೀಕ್ಷಾ ಸಂಸ್ಥೆಗೆ ಕಾರು ತಗೊಂಡು ಹೋಗು. ಅವರು ಪರೀಕ್ಷೆ ಮಾಡಿ ಒಪ್ಪಿದರೆ ಕಾರಿನ ದಾಖಲೆಗೆ ಸೇರುತ್ತೆ. ಒಪ್ಪದಿದ್ದರೆ ರಸ್ತೆಗೆ ಇಳಿಸಂಗಿಲ್ಲ. ನಮ್ಮಲ್ಲೂ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ಬರೀತಾರಲ್ಲ? ಅಂಗವಿಕಲರ ಕಾರಿಗೆ ಬದಲಾವಣೆ ಮಾಡೋದಕ್ಕೆ ದಾರಿ ಇದೆಯಲ್ಲ? ಬ್ರೇಕ್ ಪರೀಕ್ಷೆಗೂ ಒಂದು ಕೌಂಟರ್ ಇಟ್ಟರೆ ಏನ್ರೀ ಕಷ್ಟ? ಗುಡುಗೋ ಸೈಲೆನ್ಸರ್ ಹಾಕಿದವನನ್ನೂ, ಬ್ರೇಕ್ ಹಾಕಿಸಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ, ಎರಡನೆಯವನು ಕದ್ದು ಹಾಕಿಸ್ತಾನೆ. ಕದ್ದು ಹಾಕಿಸಿದ್ದನ್ನ ಯಾರೂ ಪರೀಕ್ಷೆ ಮಾಡಲ್ಲ. ಆ ಕಾರಿನ ಹಿಂದೆ ಮುಂದೆ ನೀವೂ ಹೋಗ್ತಿರ್ತೀರಿ, ನಾನೂ ಹೋಗ್ತಿರ್ತೀನಿ.

ಯಜಮಾನರಿಗೆ ಫೋನ್ ಮಾಡಿ ಇದಿಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ಹಳೇದೇ ಸರಿ ಇತ್ತು ಅನ್ನಿ" ಅಂದರು. ಹಳೇ ಡ್ರಮ್ ಇಟ್ಟಿದ್ದಾನಾ ಯಜಮಾನ್ರೇ, ಅಂತ ಕೇಳಿದೆ.

"ಎಲ್ಲಿ ಸಾರ್? ಗುಜರಿಗೆ ಹಾಕ್ಬಿಟ್ಟವ್ನೆ. ಇನ್ನೂರೈವತ್ತು ರೂಪಾಯಿಗೆ."

ಈಗ ಹೊಸ ಡ್ರಮ್ಮಿಗೆ ಆರ್ಡರ್ ಕೊಟ್ಟಿದ್ದಾರಂತೆ. ಹ್ಯಾಂಡ್ ಬ್ರೇಕ್ ಕೇಬಲ್ಲೂ ಸೇರಿಸಿ.