ಕೊಸೊಂಗ್ ಕಾಫಿ, ಶುಗರ್ ಫ್ರೀ ಚಾಕೊಲೇಟು

ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಊಟಕ್ಕೆ ನಮ್ಮವರು ನಾಲ್ಕು ಜನ ಸೇರಿದರೆ ಈಗ ಒಂದೇ ಮಾತು: ಅನ್ನ ಬಿಟ್ಟೆ, ಲೋ ಕಾರ್ಬ್ ಶುರುಮಾಡಿದೆ. ಒಳ್ಳೇದು. ಆದರೆ ಸಿಹಿ ಬೇಕು ಅನ್ನಿಸಿದಾಗ ಏನು ತಗೋತೀರಿ? ನಾನು ಡಾಕ್ಟರಲ್ಲ, ಲೇಬಲ್ ಓದೋ ಚಟ ಇರೋನು ಅಷ್ಟೆ.

ಬೆಲ್ಲ, ಜೇನುತುಪ್ಪ ಬದಲಿ ಅಲ್ಲವೇ ಅಲ್ಲ, ಅವೂ ಸಕ್ಕರೆಯೇ. 'ಶುಗರ್ ಫ್ರೀ' ಚಾಕೊಲೇಟಿನ ಹಿಂಬದಿ ನೋಡಿ, ಎಷ್ಟೋ ಸಲ ಮಾಲ್ಟಿಟಾಲ್ ಅಂತಿರುತ್ತೆ. ಅದು ಸಕ್ಕರೆಗಿಂತ ಕಡಿಮೆಯಾದರೂ ರಕ್ತದ ಶುಗರ್ ಏರಿಸುತ್ತೆ, ಜಾಸ್ತಿ ತಿಂದರೆ ಹೊಟ್ಟೇನೂ ಕೆಡಿಸುತ್ತೆ. ಸ್ಟೀವಿಯಾ ಏರಿಸಲ್ಲ, ಆದರೆ ಕೆಲವು ಪುಡಿ ಪ್ಯಾಕೆಟ್ಟುಗಳಲ್ಲಿ ಅದರ ಜೊತೆ ಡೆಕ್ಸ್‌ಟ್ರೋಸ್ ಬೆರೆತಿರುತ್ತೆ. ಒಂದು ಪ್ಯಾಕೆಟ್ ಪರವಾಗಿಲ್ಲ, ದಿನಕ್ಕೆ ಎಂಟಾದರೆ ಲೆಕ್ಕಕ್ಕೆ ಬರುತ್ತೆ.

2022ರ ಡಿಸೆಂಬರ್ 30ರಿಂದ ಇಲ್ಲಿನ ಪಾನೀಯಗಳಿಗೆ ನ್ಯೂಟ್ರಿ-ಗ್ರೇಡ್ ಬಂತು. ಸಕ್ಕರೆ ಸೊನ್ನೆ ಇದ್ದರೂ ಬದಲಿ ಸಿಹಿ ಹಾಕಿದ್ದರೆ 'ಎ' ಸಿಗಲ್ಲ. ನನಗೆ ಇದು ಸರಿ ಅನ್ನಿಸುತ್ತೆ, ಯಾಕೆಂದರೆ ನಾಲಿಗೆಯ ಸಿಹಿ ಚಪಲ ಹಾಗೇ ಉಳಿಯುತ್ತಲ್ಲ. ತೂಕ ಇಳಿಸೋಕೆ ಇವನ್ನು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಮಧುಮೇಹ ಇರೋರಿಗಲ್ಲ. ಸ್ಟಾಲಿನಲ್ಲಿ ಮೊದಲು 'ಸ್ಯೂ ಡೈ' ಅನ್ನಿ, ಸಕ್ಕರೆ ಕಡಿಮೆ. ಆಮೇಲೆ 'ಕೊಸೊಂಗ್', ಸಕ್ಕರೆಯೇ ಇಲ್ಲ.

ಇನ್ನೊಂದು ಮಾತು. ಇನ್ಸುಲಿನ್, ಗ್ಲಿಮಿಪಿರೈಡ್ ತಗೊಳ್ಳೋರು ಡಾಕ್ಟರಿಗೆ ಹೇಳದೆ ಅನ್ನ ಬಿಡಬೇಡಿ; ಶುಗರ್ ಕುಸಿಯಬಹುದು. ಬೆವರು, ನಡುಕ ಬಂದಾಗ ಕೋಕ್ ಝೀರೋ ಕುಡಿದು ಪ್ರಯೋಜನವಿಲ್ಲ. ಆಗ ಬೇಕಾದ್ದು ನಿಜವಾದ ಸಕ್ಕರೆ, ಸುಮಾರು 15 ಗ್ರಾಂ, ನಾಲ್ಕು ಟೀ ಚಮಚದಷ್ಟು. ಬ್ಯಾಗಿನಲ್ಲಿ ಇಟ್ಟಿರಿ, ಎಲ್ಲಿದೆ ಅಂತ ಪಕ್ಕದ ಸೀಟಿನವರಿಗೂ ಹೇಳಿರಿ.